ಮೈದಾನ ಮಟ್ಟ ಮಾಡಿದರೆ ಕಾಡು ಹುಟ್ಟಲ್ಲ

ಮಕ್ಕಳಿಲ್ಲದೆ ಬಾಗಿಲು ಹಾಕಿದ ಶಾಲೆ. ಜಾಗ 1 ಎಕರೆ 20 ಸೆಂಟ್, ಕೊಡಗಿನ ಪಟ್ಟಣವೊಂದರ ನಡುವೆಯೇ. ವರ್ಷಗಟ್ಟಲೆ ಪಾಳು ಬಿದ್ದಿದ್ದ ಈ ಜಾಗದಲ್ಲಿ ಅಂಗಡಿ ಸಾಲು ಬೇಡ, ಪಾರ್ಕಿಂಗ್ ಬೇಡ, ಒಂದು ಸಣ್ಣ ಕಾಡು ಬೆಳೆಸೋಣ ಅಂದಾಗ ಬೇಡ ಅಂದವರು ಒಬ್ಬರೂ ಇಲ್ಲ. ಅಂಥ ಒಳ್ಳೇ ಕೆಲಸವನ್ನ ಇಷ್ಟು ಹಾಳು ಮಾಡಬಹುದಾ ಸ್ವಾಮಿ?

ಮೇ ಕೊನೇ ವಾರ ಗೇಟಿನೊಳಗೆ ಮೊದಲು ಬಂದದ್ದು ಜೆಸಿಬಿ. ಎರಡೇ ದಿನ. ಕಾಂಪೌಂಡ್ ಬದಿಯ ಎರಡು ನೇರಳೆ ಹೋಯ್ತು, ಬಾವಿ ಪಕ್ಕದ ಅತ್ತಿ ಹೋಯ್ತು, ಶಾಲೆ ಹಿಂದೆ ತಾನಾಗಿ ಎದ್ದಿದ್ದ ಆಳೆತ್ತರದ ಗಿಡಗಳೆಲ್ಲ "ಪೊದೆ" ಅಂತ ಲೆಕ್ಕವಾಗಿ ಟಿಪ್ಪರ್ ಹತ್ತಿದವು. ಕಾಡು ಮಾಡೋ ಕೆಲಸ ಶುರುವಾದದ್ದೇ ಇದ್ದ ಕಾಡನ್ನ ಕೆರೆದು ಹಾಕೋದರಿಂದ! ವಿನಾಯಿತಿ ಪಟ್ಟಿಯಲ್ಲಿರೋ ಜಾತಿಗಳನ್ನ ಬಿಟ್ಟರೆ ಮರ ಕಡಿಯೋಕೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಅದನ್ನ ಕೇಳಿದರೆ "ಇದು ಪಾರ್ಕಿಗೋಸ್ಕರ ಅಲ್ವಾ" ಅನ್ನೋ ಉತ್ತರ. ಪಾರ್ಕಿಗೋಸ್ಕರ ಆದರೆ ಕಾಯ್ದೆ ರಜೆ ಹಾಕುತ್ತಾ?

ಹಣ್ಣು ಬಿಡೋ ಒಂದು ಅತ್ತಿ ಮರ ನಿಂತಿದ್ದರೆ ಅರ್ಧ ಕೆಲಸ ಅದೇ ಮಾಡುತ್ತೆ. ಕುಟ್ರ, ಪಿಕಳಾರ ಹಕ್ಕಿಗಳು ಹಣ್ಣು ತಿನ್ನೋಕೆ ಬರ್ತವೆ, ಬೇರೆ ಕಡೆ ತಿಂದ ಬೀಜವನ್ನ ಅದರ ಕೆಳಗೇ ಹಾಕ್ತವೆ. ಎರಡು ಮಳೆಗಾಲ ಕಳೆಯೋದರೊಳಗೆ ಆ ನೆರಳಿನಲ್ಲಿ ಮೊಣಕಾಲೆತ್ತರದ ಸಸಿ ಸಿಗುತ್ತೆ, ನರ್ಸರಿಗೆ ಒಂದು ರೂಪಾಯಿ ಕೊಡಬೇಕಿಲ್ಲ. ಹಾಗಾಗಿ ಮೊದಲ ದಿನದ ಕೆಲಸ ಗುಂಡಿ ತೆಗೆಯೋದಲ್ಲ. ಕೈಯಲ್ಲಿ ಬಣ್ಣದ ಬಟ್ಟೆ ಚೂರು ಹಿಡಿದು ಇಡೀ ಜಾಗ ತಿರುಗಿ, ಉಳಿಸಬೇಕಾದ ಪ್ರತಿ ಮರಕ್ಕೂ ಪ್ರತಿ ಕಾಡು ಸಸಿಗೂ ಕಟ್ಟೋದು. ಆಮೇಲೆ ಲಂಟಾನ, ಕಮ್ಯುನಿಸ್ಟ್ ಗಿಡ ಅನ್ನೋ ಎರಡು ಕಳೆಗಳನ್ನ ಮಾತ್ರ ಬೇರು ಸಮೇತ ಕೀಳೋದು. ನಾಲ್ಕು ಆಳು, ನಾಲ್ಕು ಗುದ್ದಲಿ, ಒಂದು ವಾರ. ಜೆಸಿಬಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಹೊಟ್ಟೆ ಉರಿಯೋದು ಇದಕ್ಕಿಂತ ಹೆಚ್ಚಾಗಿ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿಯ ವಿಷಯದಲ್ಲಿ. ಕೊಡಗಿನಲ್ಲಿ ಸಮತಟ್ಟಾದ ಶಾಲೆ ಮೈದಾನ ಅಂದರೆ ಬಹುತೇಕ ಗುಡ್ಡದ ಒಂದು ಬದಿ ಕಡಿದು, ಆ ಮಣ್ಣನ್ನ ಇನ್ನೊಂದು ಬದಿಗೆ ತುಂಬಿ ಮಾಡಿದ್ದು. ತುಂಬಿದ ಮಣ್ಣು ಎಷ್ಟು ವರ್ಷ ಆದರೂ ಹುಟ್ಟು ಮಣ್ಣಿನಷ್ಟು ಗಟ್ಟಿ ಕೂರಲ್ಲ, ಮೇಲಿನ ಹುಲ್ಲು ಪೊದೆಯ ಬೇರೇ ಅದನ್ನ ಹಿಡಿದಿಟ್ಟಿರುತ್ತೆ. ಆ ಹುಲ್ಲನ್ನ ಮಳೆಗಾಲಕ್ಕೆ ಹತ್ತು ದಿನ ಇರುವಾಗ ಜೆಸಿಬಿ ಬಕೆಟ್‌ನಲ್ಲಿ ಕೆರೆದಿದ್ದಾರೆ. ಸಾಲದ್ದಕ್ಕೆ, ತುಂಬಿದ ಬದಿಯಲ್ಲೇ ನೀರು ಇಂಗಿಸೋ ಗುಂಡಿ ಬೇರೆ! ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬೀಳೋ ಊರಿನಲ್ಲಿ ತುಂಬಿದ ಮಣ್ಣಿಗೆ ನೀರು ಕುಡಿಸಿದರೆ ಅದು ಎಲ್ಲಿಗೆ ಹೋಗುತ್ತೆ? ಕೆಳಗಿನ ಮನೆಗಳ ಹಿತ್ತಲಿಗೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜಾರಿದ್ದನ್ನ ನೋಡಿದ ಜಿಲ್ಲೆ ಇದು. ಕಾಫಿ ತೋಟದಲ್ಲಿ ಮಳೆನೀರು ಹಿಡಿಯೋ ತೊಟ್ಟಿಲು ಗುಂಡಿ ಎಲ್ಲಿ ತೆಗೀಬೇಕು, ಎಲ್ಲಿ ತೆಗೀಬಾರದು ಅಂತ ಇಲ್ಲಿನ ಯಾವ ಮೇಸ್ತ್ರಿಯನ್ನ ಕೇಳಿದರೂ ಹೇಳ್ತಿದ್ದ.

ಮಾಡಬೇಕಿದ್ದದ್ದು ಕಷ್ಟದ್ದೇನಲ್ಲ. ಕಡಿದ ಬರೆಯ ಮೇಲ್ಬದಿಗೆ ಒಂದೂವರೆ ಅಡಿ ಅಗಲ, ಒಂದಡಿ ಆಳದ ಚರಂಡಿ. 100 ಅಡಿಗೆ ಒಂದಡಿ ಇಳಿಜಾರು ಇರಬೇಕು, ಅದಕ್ಕಿಂತ ಜಾಸ್ತಿ ಕೊಟ್ಟರೆ ನೀರು ಚರಂಡಿಯನ್ನೇ ಕೊರೆಯುತ್ತೆ. ಹೊರಗೆ ಬೀಳೋ ಜಾಗಕ್ಕೆ ಕಲ್ಲು ಹಾಸಬೇಕು. ತುಂಬಿದ ಬದಿಯ ಇಳಿಜಾರಿಗೆ ಅಡ್ಡಡ್ಡವಾಗಿ ಲಾವಂಚದ ಸಾಲು, ನಾಲ್ಕೈದು ಇಂಚಿಗೊಂದು ಬುಡ. ಅಂಚಿನಿಂದ ಹತ್ತು ಅಡಿ ಒಳಗಿನ ತನಕ ದೊಡ್ಡ ಮರ ಬೇಡ. ಗಾಳಿಗೆ ಮರ ಓಲಾಡಿದರೆ ಬುಡದ ಮಣ್ಣು ಸಡಿಲವಾಗಿ, ಮರದ ಜೊತೆ ಬರೆಯೂ ಬರುತ್ತೆ. ಈಗ ಅದೇ ಅಂಚಿನಲ್ಲಿ ಸಾಲಾಗಿ ಸಿಲ್ವರ್ ಓಕ್ ನಿಂತಿದೆ.

ಇನ್ನು ನೆಟ್ಟದ್ದು ಯಾವಾಗ? ಜುಲೈ ಮೊದಲ ವಾರ, ವನಮಹೋತ್ಸವಕ್ಕೆ. 1950ರಲ್ಲಿ ಆಗಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಷಿ ಶುರು ಮಾಡಿದ ಗಿಡ ನೆಡೋ ಹಬ್ಬ, ಇಡೀ ದೇಶಕ್ಕೆ ಒಂದೇ ವಾರ. ಅದು ನಮ್ಮಲ್ಲಿ ಆರಿದ್ರಾ ಮಳೆ ಮುಗಿದು ಪುನರ್ವಸು ಹಿಡಿಯೋ ಹೊತ್ತು. ಮಣ್ಣು ಕೆಸರು, ಬಿಸಿಲಿನ ಸುಳಿವಿಲ್ಲ, ಗುಂಡಿ ತೆಗೆದರೆ ಅರ್ಧ ಗಂಟೆಯಲ್ಲಿ ಅದೇ ಕೊಳ. ಮಡಿಕೇರಿ, ವಿರಾಜಪೇಟೆ, ಭಾಗಮಂಡಲದ ಕಡೆ ಗಿಡ ನೆಡಬೇಕಾದ್ದು ರೋಹಿಣಿ, ಮೃಗಶಿರ ಮಳೆಗೆ. ಅಂದರೆ ಮೇ ಕೊನೆಯಿಂದ ಜೂನ್ ನಡುವಿನ ತನಕ. ದೊಡ್ಡ ಮಳೆ ಹಿಡಿಯೋ ಮುಂಚೆ ಬೇರಿಗೆ ಎರಡು ಮೂರು ವಾರ ಸಿಕ್ಕರೆ ಗಿಡ ನಿಲ್ಲುತ್ತೆ. ಆ ಹದ ತಪ್ಪಿತಾ, ಮಖೆ ಮಳೆ ಕಳೆಯೋ ತನಕ, ಅಂದರೆ ಆಗಸ್ಟ್ ಕೊನೆಯ ತನಕ ಸುಮ್ಮನಿರಬೇಕು. ಫೋಟೋ ತಾರೀಕಿಗೆ ಗಿಡ ನೆಟ್ಟರೆ ಫೋಟೋ ಉಳಿಯುತ್ತೆ, ಅಷ್ಟೇ.

ಸಂಶಯ ಇದ್ದವರು ಧ್ವಜಸ್ತಂಭದ ಕಟ್ಟೆಯಿಂದ ಎಡಕ್ಕಿರೋ ಸಾಲಿನ ಮೂರನೇ ಗಿಡ ನೋಡಿ. ನೇರಳೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೂಲಂಗಿ ಥರ ಎದ್ದು ಬರುತ್ತೆ. ಬೇರಿಗೆ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಕವರ್ ಹಾಗೇ ಇದೆ. ಬಿಚ್ಚೇ ಇಲ್ಲ! ಕವರಿನ ತೂತುಗಳಿಂದ ದಾರದಂಥ ಬಿಳೀ ಬೇರು ನಾಲ್ಕೈದು ಹೊರಗೆ ಇಣುಕಿ ಅಲ್ಲೇ ಕಪ್ಪಾಗಿವೆ. ಉಳಿದದ್ದೆಲ್ಲ ತಳದಲ್ಲಿ ಸಿಂಬೆ ಸುತ್ತಿಕೊಂಡು ಕೂತಿದೆ. ಗುಂಡಿಯೊಳಗೆ ಮೂಗು ಹಿಡಿದರೆ ಕೊಳೆತ ಚರಂಡಿ ವಾಸನೆ. ಗುಂಡಿಯ ಗೋಡೆ ಮುಟ್ಟಿ ನೋಡಿ, ಗಾರೆ ಹಾಕಿದಷ್ಟು ನುಣುಪು. ಮಷಿನ್‌ನಲ್ಲಿ ಹಸಿ ಮಣ್ಣು ಕೊರೆದರೆ ಹಾಗೇ ಆಗೋದು. ಬೇರು ಆ ಗೋಡೆ ದಾಟಲ್ಲ, ನೀರೂ ದಾಟಲ್ಲ. ಅದು ಗುಂಡಿ ಅಲ್ಲ, ನೆಲದಲ್ಲಿ ಹೂತಿಟ್ಟ ಕುಂಡ.

ಶಾಲೆ ಮೈದಾನದ ಮಣ್ಣೇ ಅಂಥದ್ದು. ದಶಕಗಟ್ಟಲೆ ಮಕ್ಕಳು ಓಡಿ, ಕವಾಯತು ಮಾಡಿ, ರೋಲರ್ ಎಳೆದು ಮೇಲಿನ ಅರ್ಧ ಅಡಿ ಇಟ್ಟಿಗೆಯಾಗಿರುತ್ತೆ. ಪರೀಕ್ಷೆ ಸುಲಭ: ಮಳೆ ಇಲ್ಲದ ಕಾಲದಲ್ಲಿ ಒಂದಡಿ ಆಳದ ಗುಂಡಿಗೆ ನೀರು ತುಂಬಿ, ಇಂಗಿದ ಮೇಲೆ ಇನ್ನೊಮ್ಮೆ ತುಂಬಿ. ನಾಲ್ಕು ಗಂಟೆ ಕಳೆದರೂ ನೀರು ನಿಂತಿದ್ದರೆ ಅಲ್ಲಿ ಗುಂಡಿ ತೋಡಿ ಗಿಡ ಇಡೋದು ಗಿಡವನ್ನ ಮುಳುಗಿಸೋದೇ. ಅದಕ್ಕೇ ಕಾಫಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸೋ ಬೇಸಿಗೆ ಮಳೆ ಬಿದ್ದ ವಾರ, ಮಣ್ಣು ಧೂಳೂ ಅಲ್ಲ ಕೆಸರೂ ಅಲ್ಲ ಅನ್ನೋ ಹದದಲ್ಲಿ, ಐದು ಅಡಿ ಅಗಲದ ಪಟ್ಟಿ ಪಟ್ಟಿಯಾಗಿ ಒಂದೂವರೆ ಅಡಿ ಆಳಕ್ಕೆ ಪಿಕಾಸಿಯಲ್ಲಿ ಒಡೀಬೇಕು, ಇಳಿಜಾರಿಗೆ ಅಡ್ಡವಾಗಿ. ಗಿಡಕ್ಕೆ ಒಂದು ಬುಟ್ಟಿ, ಅಂದರೆ 5–6 ಕೆಜಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಪಲ್ಪಿಂಗ್ ಮಾಡಿ, ಅಂದರೆ ಹಣ್ಣಿನಿಂದ ಬೀಜ ಬಿಡಿಸಿ ಉಳಿದ ಕಾಫಿ ಸಿಪ್ಪೆ ಪುಕ್ಕಟೆ ಸಿಗುತ್ತೆ ಅಂತ ಹಸಿಯಾಗೇ ಸುರೀಬೇಡಿ, ಬಿಸಿಯೆದ್ದು ಎಳೆ ಬೇರು ಸುಡುತ್ತೆ. ನಾಲ್ಕು ತಿಂಗಳಾದರೂ ಗುಡ್ಡೆ ಹಾಕಿ ಕೊಳೆಸಿರಬೇಕು. ನೆಡುವಾಗ ಹಾರೆ ಮೊನೆಯಿಂದ ಗುಂಡಿ ಗೋಡೆ ಗೀರಿ, ಕವರ್ ಎರಡೂ ಬದಿ ಬ್ಲೇಡಿನಲ್ಲಿ ಸೀಳಿ, ತಳದ ಸುತ್ತಿದ ಬೇರು ಕತ್ತರಿಸಿ. ಕವರಿನ ಮಣ್ಣು ನೆಲಕ್ಕಿಂತ ಎರಡು ಇಂಚು ಮೇಲೆ ನಿಲ್ಲಬೇಕು, ಬುಡ ದಿಬ್ಬದ ಥರ ಇರಬೇಕು. ನೀರು ನಿಲ್ಲೋ ಪಾತಿ ಬೇಕಾಗೋದು ಡಿಸೆಂಬರ್‌ಗೆ. ಇಲ್ಲಿ ಜುಲೈಯಲ್ಲೇ ಪಾತಿ ಮಾಡಿಟ್ಟಿದ್ದಾರೆ, ಬಯಲುಸೀಮೆಯ ಕೈಪಿಡಿ ನೋಡಿಕೊಂಡು ಮಾಡಿದ ಹಾಗೆ.

ಒಂದು ಮೂಲೆಗೆ "ಮಿಯಾವಾಕಿ" ಅಂತ ಬೋರ್ಡ್ ಹಾಕಿದ್ದಾರೆ. ಜಪಾನಿನ ಸಸ್ಯವಿಜ್ಞಾನಿ ಅಕಿರ ಮಿಯಾವಾಕಿ ಹೇಳಿದ್ದು ಆ ನೆಲದಲ್ಲೇ ಹುಟ್ಟೋ ಹತ್ತಾರು ಜಾತಿಯ ಮರ ಬೆರೆಸಿ, ಮಣ್ಣು ಆಳಕ್ಕೆ ಸಡಿಲ ಮಾಡಿ, ದಪ್ಪ ಹೊದಿಕೆ ಹಾಕಿ, ಚದರ ಮೀಟರ್‌ಗೆ ಮೂರು ನಾಲ್ಕು ಸಸಿ ನೆಟ್ಟು, ಎರಡು ಮೂರು ವರ್ಷ ಕಳೆ ಕಿತ್ತು ಸಾಕೋದು. ಇಲ್ಲಿ ಹಿಡಿದದ್ದು ಒತ್ತೊತ್ತಾಗಿ ನೆಡೋದೊಂದನ್ನೇ. ಲೆಕ್ಕ ಹಾಕಿ: ಎಕರೆಗೆ 4,047 ಚದರ ಮೀಟರ್, ಮೂರರಂತೆ ನೆಟ್ಟರೂ 12,000 ಸಸಿ. ಎರಡು ಮೀಟರ್ ಅಂತರಕ್ಕೆ ಸಾವಿರ, ಮೂರು ಮೀಟರ್ ಅಂತರಕ್ಕೆ 450. ಸಾವಿರ ಗಿಡಕ್ಕೇ ಕಳೆ ಕೀಳೋಕೆ ಆಳಿಲ್ಲದವರು ಹನ್ನೆರಡು ಸಾವಿರದ ಮಾತಾಡಬಾರದು.

ಜಾತಿ ಆರಿಸಿದ್ದಂತೂ ಕೇಳಲೇಬೇಡಿ. ಸಿಲ್ವರ್ ಓಕ್, ಗುಲ್‌ಮೊಹರ್, ಟಬೂಬಿಯಾ, ಗೇಟಿಗೆ ಅಲಂಕಾರದ ಪಾಮ್. ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ತೋಟದಲ್ಲಿ ಕಾಳುಮೆಣಸು ಹಬ್ಬಿಸೋಕೆ ಅದಕ್ಕೊಂದು ಕೆಲಸ ಇದೆ, ಅದನ್ನ ಕಾಡು ಅನ್ನಬೇಡಿ. ಗುಲ್‌ಮೊಹರ್ ಕೊಂಬೆ ಪೆಡಸು, ಆಷಾಢದ ಗಾಳಿಗೆ ನಡೆಯೋರ ತಲೆ ಮೇಲೇ ಬೀಳುತ್ತೆ. 1,200ಕ್ಕೂ ಹೆಚ್ಚು ದೇವರಕಾಡು ಇರೋ ಜಿಲ್ಲೆಯಲ್ಲಿ ಯಾವ ಮರ ನೆಡಬೇಕು ಅಂತ ನರ್ಸರಿಯ ಸ್ಟಾಕ್ ನೋಡಿ ತೀರ್ಮಾನ ಮಾಡೋದು ಅಂದರೆ ಏನರ್ಥ? ಹತ್ತಿರದ ದೇವರಕಾಡಿನೊಳಗೆ ಒಂದು ಗಂಟೆ ನಡೆದರೆ ಪಟ್ಟಿ ಸಿಗುತ್ತೆ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜೇ ಇದೆ, ಒಂದು ಪತ್ರ ಬರೆದು ಕೇಳಬಹುದಿತ್ತು.

ಕ್ರಮ ತಪ್ಪಿದರೂ ಗಿಡ ಸಾಯುತ್ತೆ. ಧೂಪ, ರಾಂಪತ್ರೆ ಎಳವೆಯಲ್ಲಿ ನೆರಳು ಬೇಡೋ ಜಾತಿ. ಬಟ್ಟ ಬಯಲಿಗೆ ತಂದಿಟ್ಟರೆ ಫೆಬ್ರವರಿ ಬಿಸಿಲಿಗೆ ಎಲೆ ಸುಟ್ಟು ಹೋಗುತ್ತೆ. ಮೊದಲ ವರ್ಷ ಹಾಲುವಾಣದ ಐದಡಿ ಗೂಟ, ಉಪ್ಪಳಿಗೆ. ಇವು ಬೇಗ ಎದ್ದು ನೆರಳು ಕೊಡ್ತವೆ. ಅದರ ಜೊತೆಗೇ ನಂದಿ, ಹೊನ್ನೆ, ನೇರಳೆ, ಹೆಬ್ಬಲಸು, ಸಂಪಿಗೆ, ಅಡುಗೆಯ ಹುಳಿ ಕಾಚಂಪುಳಿ ತೆಗೆಯೋ ಉಪ್ಪಾಗೆ. ಮೂರನೇ ವರ್ಷ ಹಾಲುವಾಣದ ಕೊಂಬೆ ಕಪಾತು ಮಾಡಿ, ಜರಡಿ ನೆರಳು ಬಂದ ಮೇಲೆ ಧೂಪ, ರಾಂಪತ್ರೆ ಒಳಗೆ ಸೇರಿಸೋದು. ನೆಲಮಟ್ಟಕ್ಕೆ ಮದ್ದುಸೊಪ್ಪು ಅನ್ನೋ ಔಷಧಿ ಗಿಡ ಹಾಕಿ, ನೆರಳಲ್ಲಿ ತಾನೇ ಹಬ್ಬುತ್ತೆ, ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ಊರಿನವರೇ ಬಂದು ಕೊಯ್ಯಲಿ. ಇದೇ ಪಟ್ಟಿಯನ್ನ ಕುಶಾಲನಗರಕ್ಕೆ ಒಯ್ಯಬೇಡಿ, ಅಲ್ಲಿ ಮಳೆ ಬಹಳ ಕಡಿಮೆ. ಮತ್ತಿ, ಹೊನ್ನೆ, ತಾರೆ, ನೆಲ್ಲಿ, ಬಿದಿರು ಅಲ್ಲಿಗೆ ಸರಿ. ಸಿದ್ದಾಪುರ, ತಿತಿಮತಿ ಕಡೆ ಆದರೆ ಹಲಸು ಬೇಡವೇ ಬೇಡ, ಹಣ್ಣಿನ ವಾಸನೆಗೆ ಆನೆ ಬರುತ್ತೆ.

ಬಾವಿ ಕಥೆ ಇನ್ನೂ ಸಂಕಟ. ಶಾಲೆಯ ಒಂದು ಕೊಠಡಿ ಕೆಡವಿದ ಗಾರೆ, ಇಟ್ಟಿಗೆ, ಒಡೆದ ಹೆಂಚು ಎಲ್ಲ ಬಾವಿಗೆ ಸುರಿದು ಮುಚ್ಚಿದರು. ಉಳಿದ ಗಾರೆ ಮೈದಾನದಲ್ಲೇ ಹರಡಿ ಮೇಲೆ ಕೆಂಪು ಮಣ್ಣು ಎಳೆದರು. ಸುಣ್ಣ ಸಿಮೆಂಟ್ ಇದ್ದ ಕಡೆ, ನಮ್ಮ ಹುಳಿ ಮಣ್ಣಿಗೆ ಒಗ್ಗಿದ ಗಿಡ ಹಳದಿಗೆ ತಿರುಗುತ್ತೆ. ಜನವರಿಯಿಂದ ಏಪ್ರಿಲ್ ತನಕ ಗಿಡಕ್ಕೆ ವಾರಕ್ಕೆ 10 ಲೀಟರ್ ಅಂದರೂ ಸಾವಿರ ಗಿಡಕ್ಕೆ 10,000 ಲೀಟರ್, ಪ್ರತಿ ವಾರ. ಆ ನೀರು ಜಾಗದಲ್ಲೇ ಇತ್ತು. ಈಗ ಟ್ಯಾಂಕರ್‌ಗೆ ದುಡ್ಡಿಲ್ಲ ಅಂತಾರೆ.

ದುಡ್ಡು ಎಲ್ಲಿಗೆ ಹೋಯ್ತು ಅಂತ ಅಂದಾಜು ಪಟ್ಟಿ ತೆಗೆದು ನೋಡಿ. ಕಮಾನು, ಇಂಟರ್‌ಲಾಕ್, ಸೆಲ್ಫಿ ಪಾಯಿಂಟ್, ಸಿಮೆಂಟಿನ ಆನೆ, ಕಂಬಿ ಬೇಲಿ, ಉದ್ಘಾಟನೆ ಕಲ್ಲು. ನಿರ್ವಹಣೆ ಅಂತ ಒಂದೇ ಒಂದು ಸಾಲಿಲ್ಲ! ಓಡಾಡೋಕೆ ನಾಲ್ಕಡಿ ಅಗಲದ ಜಲ್ಲಿ ದಾರಿ ಸಾಕು, ಹಾವಿನ ಭಯಕ್ಕೆ ಎರಡೂ ಬದಿ ಮೂರಡಿ ಸವರಿಟ್ಟರೆ ಆಯ್ತು. ಕಾಡಿಗೆ ಬೇಕಾಗೋದು ಆಳು. ಮೊದಲ ವರ್ಷ ಮೂರು ಸಲ ಬುಡದ ಕಳೆ, ಎರಡನೇ ವರ್ಷ ಮೂರು, ಮೂರನೇ ವರ್ಷ ಎರಡು. ಸಾವಿರ ಗಿಡಕ್ಕೆ ಸಲಕ್ಕೆ ಹತ್ತು ಆಳು ಹಿಡಿದರೂ ಮೂರು ವರ್ಷಕ್ಕೆ 80 ಆಳಿನ ಕೂಲಿ. ಆ ಕಮಾನಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಕಳೆ ತೆಗೆದದ್ದೂ ಹೇಗೆ ಗೊತ್ತಾ? ಕಳೆ ಮಷಿನ್ ಬ್ಲೇಡ್ ಬುಡದ ತನಕ ಹೊಡೆದು. ಸುತ್ತ ಸಿಪ್ಪೆ ಎದ್ದುಹೋದ ಗಿಡ ಹದಿನೈದು ದಿನ ಹಸಿರಾಗೇ ಇದ್ದು ಆಮೇಲೆ ಒಣಗುತ್ತೆ, ಯಾರಿಗೂ ಕಾರಣ ಗೊತ್ತಾಗಲ್ಲ. ಬುಡದ ಸುತ್ತ ಎರಡಡಿ ಕಳೆಯನ್ನ ಕತ್ತಿಯಲ್ಲೇ ತೆಗೀಬೇಕು. ಒಣ ಹುಲ್ಲು, ಉದುರಿದ ಎಲೆಯ ದರಗು ನಾಲ್ಕು ಇಂಚು ದಪ್ಪ ಹೊದಿಸಿ, ಕಾಂಡದಿಂದ ಒಂದು ಗೇಣು ದೂರ ಬಿಡಬೇಕು, ತಾಗಿದರೆ ಮಳೆಗಾಲದಲ್ಲಿ ಕಾಂಡ ಕೊಳೆಯುತ್ತೆ. ಆ ದರಗನ್ನ ಇಲ್ಲಿ ದಿನಾ ಬೆಳಗ್ಗೆ ಗುಡಿಸಿ ಬೆಂಕಿ ಹಾಕ್ತಾರೆ, ನೀಟಾಗಿ ಕಾಣಬೇಕಂತೆ. ಯಾವ ದೇವರಕಾಡನ್ನ ಯಾರು ಗುಡಿಸ್ತಾರೆ?

ಕಾಗದದ ವಿಷಯ ಚಿಕ್ಕದಾಗಿ ಹೇಳ್ತೀವಿ. ಜಾಗ ಪೈಸಾರಿಯೋ (ಸರ್ಕಾರಿ ಜಾಗ), ಹಿಂದೆ ಯಾರೋ ಬಾಯಿಮಾತಲ್ಲಿ ದಾನ ಕೊಟ್ಟ ಬಾಣೆಯೋ (ಗದ್ದೆಗೆ ಸೇರಿದ ಗುಡ್ಡದ ಜಾಗ) ಅಂತ ಪಹಣಿ ನೋಡಿಲ್ಲ, ಹದ್ದುಬಸ್ತು ಅಳತೆಗೆ ಅರ್ಜಿ ಹಾಕಿಲ್ಲ. ಹಳೇ ಬೇಲಿ ಇದ್ದಲ್ಲೇ ಕಂಬಿ ನಿಲ್ಲಿಸಿದ್ದಾರೆ. ನಾಳೆ ಯಾರಾದರೂ ತಕರಾರು ತೆಗೆದರೆ ಬೆಳೆದು ನಿಂತ ಮರಗಳ ಮಧ್ಯೆ ಗೆರೆ ಎಳೀಬೇಕಾಗುತ್ತೆ.

ಈಗ ಎರಡನೇ ಹಂತ ಅಂತ ಮತ್ತೆ ಇಂಟರ್‌ಲಾಕ್ ಲೋಡ್ ಬಂದು ಗೇಟಿನ ಹತ್ತಿರ ಇಳಿದಿದೆ. ಶಾಲೆ ಅಡುಗೆಮನೆ ಹಿಂದಿನ ಸಂಪಿಗೆ ಮರಕ್ಕೆ ಕಡಿಯೋಕೆ ಅಂತ ಕೆಂಪು ಬಣ್ಣದ ಗುರುತು ಬಿದ್ದಿದೆ. ಆ ಲೋಡನ್ನ ವಾಪಸ್ ಕಳಿಸಿ. ಆ ದುಡ್ಡಲ್ಲಿ ಬಾವಿಯ ಗಾರೆ ಮೇಲೆತ್ತಿಸಿ, ತುಂಬಿದ ಬದಿಯ ಇಂಗುಗುಂಡಿಗಳನ್ನ ಮುಚ್ಚಿಸಿ, ಬದುಕಿರೋ ಗಿಡಗಳನ್ನ ಒಂದೊಂದಾಗಿ ಎತ್ತಿ ಪ್ಲಾಸ್ಟಿಕ್ ಬಿಚ್ಚಿಸಿ. ಆ ಸಂಪಿಗೆ ಮೇಲೆ ಯಾರೂ ಕೈ ಹಾಕಬೇಡಿ.