ಗಂಡನ ಹೆಸರಿನಲ್ಲೇ ಉಳಿದ ಮುಖಗಳು

ಪ್ಯಾರಿಸ್‌ನಲ್ಲಿ ನೆಲೆಸಿದ ಮೇಲೆ ನನಗೆ ಆಂಗ್ರ್ ಬರೆದ ಪೆನ್ಸಿಲ್ ಚಿತ್ರಗಳ ಹುಚ್ಚು ಹಿಡಿದಿದೆ. 1815ರಲ್ಲಿ ನೆಪೋಲಿಯನ್ ಸೋತ ಮೇಲೆ, ರೋಮ್‌ನಲ್ಲಿದ್ದ ಈ ಫ್ರೆಂಚ್ ಕಲಾವಿದನಿಗೆ ಸರ್ಕಾರಿ ಕೆಲಸ ನಿಂತುಹೋಯಿತು. ಹೊಟ್ಟೆಪಾಡಿಗೆ ಪ್ರವಾಸಿಗರ, ಅಧಿಕಾರಿಗಳ, ಅನುಕೂಲಸ್ಥರ ಮನೆಯವರ ಚಿತ್ರ ಬರೆದುಕೊಟ್ಟ. ಮುಖ ಮಾತ್ರ ತುಂಬಾ ನಯ, ಉಡುಪಿಗೆ ಸರಸರ ಗೆರೆಗಳು.

ಅವನು 1818ರಲ್ಲಿ ಬರೆದ ಸ್ಟಮಾಟಿ ಕುಟುಂಬದ ಚಿತ್ರ ಈಗ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಸಂಗ್ರಹದಲ್ಲಿದೆ. ತಂದೆ ನಿಂತಿದ್ದಾನೆ, ತಾಯಿ ಕೂತಿದ್ದಾಳೆ. ಮಗಳ ಬೆರಳು ಪಿಯಾನೋ ಮೇಲೆ. ಪುಟ್ಟ ಮಗ ಕಾಮಿಲ್ ಕೂಡ ಚಿತ್ರದಲ್ಲಿದ್ದಾನೆ. ಮುಂದೆ ಪಿಯಾನೋದಲ್ಲಿ ಹೆಸರು ಮಾಡಿದ್ದು ಮಾತ್ರ ಆ ಹುಡುಗ. ಸಂಗೀತಗಾರ ಸ್ಯಾಂ ಸಾನ್ಸ್‌ಗೆ ಪಾಠ ಹೇಳಿದವನೂ ಅವನೇ. ಅಂಥ ಮನೆಗಳಲ್ಲಿ ಹುಡುಗಿಗೆ ಪಿಯಾನೋ ಕಲಿಸುತ್ತಿದ್ದದ್ದು ಹೆಚ್ಚಾಗಿ ಒಳ್ಳೆಯ ಸಂಬಂಧಕ್ಕಾಗಿ, ಮನೆಯ ಘನತೆಗಾಗಿ.

ನಮ್ಮಲ್ಲೂ ಹೆಣ್ಣು ನೋಡಲು ಬಂದವರು ‘ಒಂದು ಹಾಡು ಹೇಳಮ್ಮ’ ಅನ್ನುತ್ತಿದ್ದರು, ಅಲ್ವಾ? ವರ್ಷಗಟ್ಟಲೆ ಕಲಿತ ಸಂಗೀತ ಎಷ್ಟೋ ಹುಡುಗಿಯರಿಗೆ ಮದುವೆಯ ಹೊತ್ತಿಗೇ ಮುಗಿದುಹೋಯಿತು. ಅದು ನನಗೆ ಇವತ್ತಿಗೂ ಸಂಕಟದ ವಿಷಯ.

ಒಂದು ವ್ಯತ್ಯಾಸ ಇದೆ. ನಮ್ಮ ಹಳೆಯ ಸ್ಟುಡಿಯೋ ಫೋಟೋಗಳಲ್ಲಿ ಸಾಮಾನ್ಯವಾಗಿ ಗಂಡ ಕುರ್ಚಿಯಲ್ಲಿ, ಹೆಂಡತಿ ಪಕ್ಕದಲ್ಲಿ ನಿಂತು. ಸ್ಟಮಾಟಿ ಚಿತ್ರದಲ್ಲಿ ಹೆಂಗಸಿಗೆ ಕುರ್ಚಿ ಸಿಕ್ಕಿದೆ. ಆದರೆ ಕುರ್ಚಿ ಸಿಕ್ಕಿತು ಅಂತ ಅಧಿಕಾರ ಸಿಗಲಿಲ್ಲ. ಹೆಂಡತಿ ಗಂಡನ ಮಾತು ಕೇಳಲೇಬೇಕೆಂದು 1804ರ ನೆಪೋಲಿಯನ್ ಕಾನೂನಿನಲ್ಲೇ ಬರೆದಿತ್ತು. ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ಬ್ಯಾಂಕ್ ಖಾತೆ ತೆರೆಯಲು, ಕೆಲಸಕ್ಕೆ ಸೇರಲು ಫ್ರಾನ್ಸ್‌ನಲ್ಲಿ 1965ರವರೆಗೆ ಕಾಯಬೇಕಾಯಿತು! ‘ಯೂರೋಪ್ ಯಾವತ್ತೂ ಮುಂದೆ’ ಅನ್ನುವ ನಮ್ಮವರಿಗೆ ನಾನು ಇದನ್ನೇ ಹೇಳುತ್ತೇನೆ.

ನನ್ನನ್ನು ಜಾಸ್ತಿ ಕಾಡುವುದು ಚಿತ್ರಗಳ ಹೆಸರು. ಆಂಗ್ರ್ 1830ರಲ್ಲಿ ಬರೆದ ಒಂದು ಚಿತ್ರ ಅಮೆರಿಕದ ಕ್ಲೀವ್‌ಲ್ಯಾಂಡ್ ಮ್ಯೂಸಿಯಂನಲ್ಲಿದೆ. ಹೆಸರು ‘ಮದಾಂ ದೆಸಿರೆ ರೌಲ್-ರೋಷೆತ್’. ದೆಸಿರೆ ಅನ್ನುವುದು ಚಿತ್ರದಲ್ಲಿರುವ ಹೆಂಗಸಿನ ಗಂಡನ ಹೆಸರು. ಅವಳು ಕ್ಲೋದೀನ್, ಹೆಸರಾಂತ ಶಿಲ್ಪಿ ಊದೋನ್‌ನ ಮಗಳು. ನಮ್ಮ ಕಡೆ ಲಗ್ನಪತ್ರಿಕೆ ಕೊಡುವಾಗಲೂ ಎಷ್ಟೋ ಸಲ ‘ಶ್ರೀಮತಿ ಮತ್ತು ಶ್ರೀ’ ಎಂದು ಬರೆದು ಮುಂದೆ ಗಂಡನ ಹೆಸರು ಮಾತ್ರ ಸೇರಿಸುತ್ತೇವೆ. ಮ್ಯೂಸಿಯಂಗಳು ಚಿತ್ರದ ಕೆಳಗೆ ಅವಳ ಸ್ವಂತ ಹೆಸರನ್ನು ಮೊದಲು ಬರೆಯಲಿ, ಗಂಡನದು ಆಮೇಲೆ ಬರಲಿ. ನಾವೂ ಮನೆಯ ಹಳೆಯ ಫೋಟೋ ತೆಗೆದು, ಹಿಂದುಗಡೆ ಅಜ್ಜಿಯರ ಹೆಸರು ಬರೆದಿಡೋಣ. ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿಕೊಳ್ಳಬೇಕು.