ಬ್ಯಾಂಡಿಗೂ ಒಂದು 371ಜೆ ಸರ್ಟಿಫಿಕೇಟ್ ಕೊಡಸ್ರಪ್ಪೋ

ನನ್ನ ಹೆಂಡ್ತಿ ತಮ್ಮನ ಮಗ ಒಬ್ಬ ಅದಾನ, ಬೆಂಗಳೂರಾಗ ಸಾಫ್ಟ್‌ವೇರ್ ಕೆಲ್ಸ, ಅವ್ನ ಅಣ್ಣನ ಲಗ್ನ ಅಂತ ಲ್ಯಾಪ್‌ಟಾಪ್ ಬಗಲಾಗ ಹಿಡ್ಕೊಂಡು ಹದಿನೈದು ದಿನ ಮೊದ್ಲೇ ಕಲಬುರಗಿಗೆ ಬಂದು ಕುಂತಾನ. ಬಂದ ಮರುದಿನ ಮುಂಜಾನೆ ನಾನು ಬಾಯಿ ತುಂಬ ಸುಸಲಾ ಇಟ್ಕೊಂಡು ಮ್ಯಾಲೊಂದು ಮಿರ್ಚಿ ಕಡೀಲಾಕತ್ತಿದ್ದೆ, ಅದೇ ಟೈಮ್ ನೋಡಿ ಕೇಳ್ದ, "ಮಾಮಾ, ನಿಮ್ಮ ಆಲ್ ಟೈಮ್ ಟಾಪ್ ಫೈವ್ ಬ್ಯಾಂಡ್ ಯಾವ್ಯಾವ್ರಿ?"

ಮನ್ಯಾಗ ಲಗ್ನ, ಎಂಟು ದಿನದಿಂದ ಮೆರವಣಿಗಿಗೆ ಯಾವ ಬ್ಯಾಂಡ್ ಹೇಳೂದು ಅಂತ ಗದ್ಲ ನಡದದ, ನಾ ಏನ್ ತಿಳ್ಕೋಬೇಕು ನೀವೇ ಹೇಳ್ರಿ. ನಾ ಬೆರಳು ಮಡಚಿ ಶುರು ಮಾಡ್ದೆ. ಒಂದು, ಆಳಂದದವರು, ಕ್ಲಾರ್ನೆಟ್ ಭಾಳ ಛಲೋ. ಎರಡು, ಶಹಾಬಾದಿನವರು, ಡ್ರೆಸ್ ಹೊಸಾದದ ಆದ್ರ ನಡುರಸ್ತೆದಾಗ ಚಾ ಕೇಳ್ತಾರ. ಮೂರು, ಸ್ಟೇಷನ್ ಕಡೀವ್ರು, ಅವ್ರ ಜನರೇಟರ್ ಸದ್ದಿಗೆ ಹಾಡೇ ಕೇಳ್ಸಂಗಿಲ್ಲ. ಹುಡ್ಗ ಹೊಟ್ಟಿ ಹಿಡ್ಕೊಂಡು ನಕ್ಕ ನಕ್ಕ, ಮೂಗಿನಾಗಿಂದ ಚಾ ಬಂತು. ಅಂವ ಕೇಳಿದ್ದು ಇಂಗ್ಲಿಷ್ ಬ್ಯಾಂಡ್ ಅಂತ. ಬೀಟಲ್ಸು, ಪಿಂಕ್ ಫ್ಲಾಯ್ಡು, ಮೆಟಾಲಿಕಾ.

ಆಮ್ಯಾಲ ಗೊತ್ತಾತು, ಈ ರೋಗ ಇವನೊಬ್ಬನಿಗೇ ಅಲ್ಲ ಅಂತ. ಅವ್ನ ಗೆಳ್ಯಾರ ಒಂದು ವಾಟ್ಸಾಪ್ ಗ್ರೂಪ್ ಅದ, ಅದ್ರಾಗ ರಾತ್ರಿ ಎರಡರ ತನಕ ಇದೇ ಪಂಚಾಯ್ತಿ, ಯಾರು ಒಂದ್ನೇ ನಂಬರ್, ಯಾರು ಐದ್ನೇ ನಂಬರ್, ಐದ್ನೇ ನಂಬರಿಗೆ ಬ್ಯಾರೆ ಯಾರನ್ನರ ಹಾಕಿದ್ರ ಗ್ರೂಪಿನಿಂದ ಹೊರಗ. ಎಂಎಲ್ಎ ಟಿಕೆಟ್ ಹಂಚೂದ್ರಾಗೂ ಇಷ್ಟು ಜಗಳ ನಾ ನೋಡಿಲ್ಲ. ಅದೂ ಎಂಥಾ ಬ್ಯಾಂಡಿನ ಸಲುವಾಗಿ ಅಂತೀರಿ, ಬೀಟಲ್ಸ್ ಒಡದು ಹೋಗಿದ್ದು 1970ರಾಗ, ಇವ್ರ ಅಪ್ಪಂದೇ ಆಗಿನ್ನೂ ಬಾರಸಿ ಆಗಿರ್ಲಿಲ್ಲ!

ನಂದು ಕೋರ್ಟ್ ಕಡೆ ಒಂದು ಝೆರಾಕ್ಸ್ ಅಂಗಡಿ ಅದ. ದಿನಾ ಮಂದಿಗೆ 371ಜೆ ಅರ್ಜಿ ತುಂಬಿ ಕೊಡೂದೇ ನನ್ನ ಕೆಲ್ಸ. ಗೊತ್ತಿಲ್ಲದವ್ರಿಗೆ ಹೇಳ್ತೀನಿ, 371ಜೆ ಅಂದ್ರ ನಮ್ಮ ಕಲ್ಯಾಣ ಕರ್ನಾಟಕದವ್ರಿಗೆ, ಅಂದ್ರ ಹೆಚ್ಚುಕಮ್ಮಿ ಹಳೇ ನಿಜಾಮನ ಸೀಮಿಯವ್ರಿಗೆ, ಮೀಸಲಾತಿ ಕೊಡೂ ಸಂವಿಧಾನದ ಕಲಂ. ಇಲ್ಲೇ ಹುಟ್ಟಿರಬೇಕು, ಇಲ್ಲಾಂದ್ರ ಹತ್ತು ವರ್ಷ ಇಲ್ಲೇ ವಾಸ ಇದ್ದದ್ದಕ್ಕ ದಾಖಲಿ ಬೇಕು, ಅಂದ್ರನೇ ನೌಕರಿ, ಸೀಟು ಎಲ್ಲಾದ್ರಾಗೂ ನಮ್ಮ ಭಾಗದವ್ರು ಅಂತ ಲೆಕ್ಕ. ಈ ಹುಡ್ಗರ ಮಾತು ಕೇಳ್ತಾ ಕೇಳ್ತಾ ನನಗ ಅನಸ್ತು, ಬ್ಯಾಂಡ್ ಅಭಿಮಾನಿ ಆಗಬೇಕಂದ್ರೂ ಇದೇ ಕಾನೂನು ನಡದದ. ಆ ಬ್ಯಾಂಡ್ ಫೇಮಸ್ ಆಗೂಕಿಂತ ಹತ್ತು ವರ್ಷ ಮೊದ್ಲೇ ಕೇಳಿದ್ದಕ್ಕ ಪುರಾವೆ ಕೊಟ್ರ ಮಾತ್ರ ನೀವು ಸ್ಥಳೀಯರು. ಸಿನಿಮಾ ನೋಡಿ ಕೇಳ್ಲಾಕ ಶುರು ಮಾಡಿದ್ರ ನೀವು ವಲಸಿಗರು, ರೀಲ್ಸ್ ನೋಡಿ ಬಂದಿದ್ರ ಅಂತೂ ಅರ್ಜಿನೇ ತಗೊಳಂಗಿಲ್ಲ. ವ್ಯತ್ಯಾಸ ಒಂದೇ, ನಮ್ಮದಕ್ಕ ಎಸಿ ಸಾಹೇಬ್ರ ಸಹಿ ಬೇಕು, ಇದಕ್ಕ ಎಸಿ ರೂಮಿನಾಗ ಕುಂತವ್ರ ಸಹಿ ಸಾಕು.

ಹೋದ ತಿಂಗ್ಳು ನನಗೂ ಒಂದು ತಪಾಸಣಿ ಆತು. ಫುಟ್‌ಪಾತ್ ಮ್ಯಾಲ ನೂರೈವತ್ತು ರೂಪಾಯಿಗೊಂದು ಕರೀ ಟೀ-ಶರ್ಟ್ ತಗೊಂಡಿದ್ದೆ, ಎದಿ ಮ್ಯಾಲ ಏನೋ ಮಿಂಚು ಹೊಡದಂಗ ಅಕ್ಷರ. ಬ್ಯಾಸಿಗ್ಯಾಗ ಕರೀ ಅಂಗಿ ಯಾಕ ಅಂತ ಹೆಂಡ್ತಿ ಬೈದ್ಳು, ಅದು ಬ್ಯಾರೆ ಮಾತು. ಅದನ್ನ ಹಾಕ್ಕೊಂಡು ಜಗತ್ ಸರ್ಕಲ್ ಹತ್ರ ನಿಂತೀನಿ, ಕಾಲೇಜ್ ಹುಡ್ಗ ಒಬ್ಬ ಬಂದು "ಅಂಕಲ್, ಮೆಟಾಲಿಕಾ ಕೇಳ್ತೀರಾ? ಮೂರು ಹಾಡು ಹೇಳ್ರಿ ನೋಡಮು" ಅಂದ. ನನಗ ಆಧಾರ್ ಕಾರ್ಡ್ ಕೇಳಿದ್ರ ತೋರಸ್ತಿದ್ದೆ, ಹಾಡು ಎಲ್ಲಿಂದ ತರ್ಲಿ? ನಾ ಬನಿಯನ್ನು ತಗೊಂಡಾಗ ಯಾವನೂ ಬಂದು ಆ ಕಂಪನಿ ಮಾಲೀಕನ ಮೂರು ಮಕ್ಕಳ ಹೆಸರು ಕೇಳಿಲ್ಲ. ಮನಿಗಿ ಬಂದು ನಮ್ಮ ಅಳಿಯಗ ತೋರಿಸಿದ್ರ ಅಂವ ಅಂಗಿ ಸನೇಕ ಹಿಡ್ದು ನೋಡಿ, "ಮಾಮಾ ಇದ್ರಾಗ ಎಲ್ ಒಂದೇ ಅದ, ಎರಡು ಇರಬೇಕು" ಅಂತ ಮಾರಿ ಸಣ್ಣದು ಮಾಡ್ದ. ಒಂದು ಎಲ್ ಕಮ್ಮಿ ಅಂತ ನನ್ನ ಅರ್ಜಿ ರಿಜೆಕ್ಟ್. ಖರೇ ಹೇಳ್ಬೇಕಂದ್ರ ನಾನೂ ದಿನಾ ಇದೇ ಕೆಲ್ಸ ಮಾಡ್ತೀನಿ, ರೇಷನ್ ಕಾರ್ಡಿನಾಗ ಒಂದು ಅಕ್ಷರ ತಪ್ಪಿದ್ರ ಮಂದಿನ್ನ ವಾಪಸ್ ಕಳಸ್ತೀನಿ, ಅದ್ಕೇ ಸುಮ್ನಿದ್ದೆ.

ಆದ್ರ ಈ ಮೆಟಾಲಿಕಾದಾಗೇ ಅಳಿಯನ್ನ ಹಿಡದೆ ನೋಡ್ರಿ. ಅಂವ ಎಲ್ಲಾರ ಮುಂದ ಹೇಳ್ಕೋತ ತಿರುಗ್ತಾನ, ಬೆಂಗಳೂರು ಪ್ಯಾಲೇಸ್ ಗ್ರೌಂಡ್ಸ್‌ನಾಗ ಮೆಟಾಲಿಕಾ ಬಂದಾಗ ನಾ ಮುಂದೇ ನಿಂತಿದ್ದೆ, ಮಳಿ, ಕೆಸರು, ಅದೆಲ್ಲಾ ಅನುಭವಿಸಿದವ್ರಿಗೇ ಗೊತ್ತು ಅಂತ. ಅವ್ರು ಬಂದಿದ್ದು 2011ರ ಅಕ್ಟೋಬರ್ 30ಕ್ಕ. ಆ ವರ್ಷ ದೀಪಾವಳಿ ಅಮಾಸಿ ಅಕ್ಟೋಬರ್ 26ಕ್ಕ ಬಂದಿತ್ತು, ನನಗ ಹ್ಯಾಂಗ ನೆನಪದ ಅಂದ್ರ ಇದೇ ಹುಡ್ಗ ಐದ್ನೇತ್ತಾ ಇದ್ದ, ಸೂಟಿಗಿ ನಮ್ಮ ಮನ್ಯಾಗೇ ಇದ್ದ, ಸುರುಸುರುಬತ್ತಿ ಹಿಡ್ದು ನನ್ನ ಹೊಸಾ ಲುಂಗಿ ಸುಟ್ಟು ತೂತು ಮಾಡಿದ್ದ, ಆ ಲುಂಗಿ ಇನ್ನೂ ಅದ. ಕೇಳಿದ್ರ, "ಮಾಮಾ, ಮನಸ್ಸಿನಿಂದ ಅಲ್ಲೇ ಇದ್ದೆ" ಅಂದ.

ಇದೆಲ್ಲಾ ಒಂದು ಕಡೆ, ಬಾಜೂ ಮನಿ ಕಾಕಾಂದು ಇನ್ನೊಂದು ಕಡೆ. ಅವ್ರು ರಿಟೈರ್ಡ್ ಹೆಡ್ ಮಾಸ್ತರ್, ಯಾವ ಜಗಳ ಇದ್ರೂ ನಡಬರ್ಕ ಬಂದು ಕುಂದ್ರವ್ರು. ಅಳಿಯ ಕ್ವೀನ್ ಬ್ಯಾಂಡಿನ ಫ್ರೆಡ್ಡಿ ಮರ್ಕ್ಯುರಿ ಬಗ್ಗೆ ಹೇಳ್ತಿದ್ದ, ಅವ್ನ ಹುಟ್ಟಿದ ಹೆಸರು ಫರೂಖ್ ಬಲ್ಸಾರಾ, ಪಾರ್ಸಿ ಮಂದಿ, 1946ರಾಗ ಜಾಂಜಿಬಾರದಾಗ ಹುಟ್ಟಿ, ಸಣ್ಣಾಂವ ಇದ್ದಾಗ ಪಂಚಗಣಿ ಬೋರ್ಡಿಂಗ್ ಸಾಲಿಗೆ ಬಂದು ಅಲ್ಲೇ ಗೆಳ್ಯಾರ್ನ ಕೂಡ್ಸಿ ಮೊದ್ಲನೇ ಬ್ಯಾಂಡ್ ಕಟ್ದ ಅಂತ. ಪಂಚಗಣಿ ಅಂದ ಕೂಡ್ಲೇ ಕಾಕಾನ ಕಿವಿ ನೆಟ್ಟಗಾದ್ವು. "ಪಂಚಗಣಿ? ನಮ್ಮ ಸಾತಾರಾ ಜಿಲ್ಲಾ? ಸೋಲಾಪುರ ದಾಟಿದ್ರ ಬಂತಲ್ಲೋ ತಮ್ಮಾ! ಹಂಗಾರ ಅಂವ ನಮ್ಮ ಕಡೀ ಹುಡ್ಗ!"

ಅಷ್ಟೇ ಸಾಕಾತು. ಅವತ್ತು ಸಂಜಿಕ ಕಾಕಾ ಓಣಿ ತುಂಬ ಹೇಳ್ಕೊಂಡು ಬಂದ್ರು, ಜಗತ್ತಿನ ಒಂದ್ನೇ ನಂಬರ್ ಬ್ಯಾಂಡ್ ನಮ್ಮ ಕಡೀದು ಅಂತ. ಒಂದು ಹಾಡೂ ಕೇಳಿಲ್ಲ, ಕೇಳೂ ವಿಚಾರನೂ ಇಲ್ಲ. ನಾನೇ ತಡ್ಯಾಕ ಆಗ್ಲಾರದೆ ಹೇಳ್ದೆ, ಕಾಕಾ, ಸಾತಾರಾ ಮುಂಬೈ ಪ್ರಾಂತ್ಯಕ್ಕ ಸೇರಿತ್ತು, ನಿಜಾಮನ ಸಂಸ್ಥಾನಕ್ಕಲ್ಲ, ಅವ್ಗ 371ಜೆ ಬರಂಗಿಲ್ಲ. ಅದೂ ಅಲ್ದೆ ಅಂವ ಅಲ್ಲಿ ಇದ್ದದ್ದು ಎಂಟು ವರ್ಷದ ಆಸುಪಾಸು, ಹತ್ತು ತುಂಬಿಲ್ಲ, 1963ರಾಗ ವಾಪಸ್ ಹೋಗ್ಯಾನ. ಎರಡು ವರ್ಷ ಕಮ್ಮಿ ಬೀಳ್ತದ. ಕಾಕಾ ಭಾಳ ಹೊತ್ತು ವಿಚಾರ ಮಾಡಿ, "ಪಾರ್ಸಿ ಮಂದಿ ಅಂತಿ, ಹೈದರಾಬಾದಿನ್ಯಾಗ ಯಾರರ ಬೀಗರು ಇದ್ದೇ ಇರ್ತಾರ, ಆ ಮ್ಯಾಲ ಏನರ ಆಗ್ತದೇನು ನೋಡು" ಅಂದ್ರು. ಫ್ರೆಡ್ಡಿ ತೀರ್ಕೊಂಡಿದ್ದು 1991ರಾಗ. ಅರ್ಜಿದಾರರ ಸಹಿ ಎಲ್ಲಿಂದ ತರೂದು ಅಂತ ಕೇಳಿದ್ದಕ್ಕ ಸಿಟ್ಟಾಗಿ ಮನಿಗಿ ಹೋದ್ರು, ಎರಡು ದಿನ ಮಾತಾಡಿಲ್ಲ.

ಇನ್ನ ಒರಿಜಿನಲ್ ಮೆಂಬರ್ ಅನ್ನೂ ಜಗಳ. ಪಿಂಕ್ ಫ್ಲಾಯ್ಡಿಂದ ರೋಜರ್ ವಾಟರ್ಸ್ 1985ರಾಗ ಹೊರಗ ಬಿದ್ದು, ಉಳದವ್ರು ಆ ಹೆಸರು ಬಳಸಬಾರದು ಅಂತ ಕೋರ್ಟಿಗೆ ಹೋಗಿದ್ದ. ಎಸಿ/ಡಿಸಿ ಬ್ಯಾಂಡಿನ ಹಾಡುಗಾರ ಬಾನ್ ಸ್ಕಾಟ್ 1980ರ ಫೆಬ್ರವರಿದಾಗ ಸತ್ತ, ಅದೇ ವರ್ಷ ಹೊಸಾ ಹಾಡುಗಾರನ್ನ ಹಾಕ್ಕೊಂಡು ಹೊಸಾ ಆಲ್ಬಮ್ ತಂದ್ರು, ಅದು ಮೊದ್ಲಿನದಕ್ಕಿಂತ ಜಾಸ್ತಿ ಮಾರಾಟ ಆತು. ಇದ್ರಾಗ ಯಾವ್ದು ಖರೇ ಬ್ಯಾಂಡ್, ಯಾವ್ದು ಖೊಟ್ಟಿ? ನಮಗೇನು ಹೊಸಾದಲ್ಲ ಬಿಡ್ರಿ, ಪಾರ್ಟಿ ಒಡದಾಗ ಚಿಹ್ನೆ ಯಾರಿಗಿ ಅಂತ ದಿನಾ ಟಿವಿದಾಗ ನೋಡ್ತೀವಿ. ಫರಕ್ ಏನಂದ್ರ ಅಲ್ಲಿ ಚುನಾವಣಾ ಆಯೋಗ ಒಂದು ಕಾಗದ ಕೊಡ್ತದ, ಇಲ್ಲಿ ಅದೂ ಇಲ್ಲ, ನಮ್ಮ ಅಳಿಯನೇ ಆಯೋಗ. ಅವ್ನೇ ಇನ್ನೊಂದು ಹೇಳ್ದ, ಪಿಂಕ್ ಫ್ಲಾಯ್ಡ್‌ದು 1973ರ ಒಂದು ಆಲ್ಬಮ್, ತ್ರಿಕೋನದ ಚಿತ್ರ ಇದ್ದದ್ದು, ಅಮೆರಿಕದ ಪಟ್ಟಿದಾಗ 1988ರ ತನಕ 741 ವಾರ ಇತ್ತಂತ. ಹದಿನಾಕು ವರ್ಷದ ಮ್ಯಾಲಾತು. ಅಷ್ಟು ದಿನ ಒಂದೇ ಪಟ್ಟಿದಾಗ ಇದ್ದದ್ದು ನನಗ ಗೊತ್ತಿದ್ದಂಗ ನಮ್ಮ ಓಣಿ ಒಳಚರಂಡಿ ಕಾಮಗಾರಿ ಒಂದೇ.

ನನ್ನ ಮಗ್ಳು ಪಿಯುಸಿ, ಅಕಿ ಬಿಟಿಎಸ್ ಪಾರ್ಟಿ. ಕೊರಿಯಾದವರು, 2013ರಾಗ ಬಂದವರು, ಏಳು ಮಂದಿ. ಅಕಿ ಬಾಯಿ ತೆಗೆದ ಕೂಡ್ಲೇ ಅಳಿಯ, "ಅದು ಬ್ಯಾಂಡೇ ಅಲ್ಲ, ಒಬ್ಬನ ಕೈಯಾಗೂ ಗಿಟಾರ್ ಇಲ್ಲ, ಬರೇ ಕುಣೀತಾರ" ಅಂದ. ಅಕಿ ತೊಗರಿಬ್ಯಾಳಿ ಹಸನ ಮಾಡ್ತಾ ಕುಂತಿದ್ಳು, ಮಾರಿ ಎತ್ತದೇ ಹೇಳಿದ್ಳು, "ನಿಮ್ಮ ಫ್ರೆಡ್ಡಿ ಕೈಯಾಗೂ ಅರ್ಧ ಮುರದ ಮೈಕಿನ ಕೋಲೇ ಇರ್ತಿತ್ತು." ಅಳಿಯ ನೀರು ಕುಡೀಲಾಕ ಎದ್ದು ಹೋದ. ಇಷ್ಟು ದಿನದಾಗ ಯಾರರ ಒಬ್ರು ಗೆದ್ದದ್ದು ನಾ ನೋಡಿದ್ದು ಅದೊಂದೇ ಸಲ.

ಮುತ್ಯಾಗೂ ಕೇಳಿದ್ವಿ, ಅಂದ್ರ ನಮ್ಮ ಮಾವನವ್ರಿಗಿ, ಎಂಬತ್ತು ದಾಟ್ಯಾದ. ಅವ್ರದು ಟಾಪ್ ಫೈವ್ ಇಲ್ಲ, ಟಾಪ್ ಒನ್ ಅಷ್ಟೇ. ಅವ್ರ ಲಗ್ನದಾಗ ಸನಾದಿ ಊದಿದಾಂವ. ಯಾಕ ಮುತ್ಯಾ ಅಂದ್ರ, "ಅಂವ ಊದಿದ್ದಕ್ಕ ಕುದುರಿ ಬೆದರಿ ನನ್ನ ಹೊತ್ಕೊಂಡು ಹಿರೇಮನಿಗೌಡರ ಹೊಲದಾಗ ಹೋಗಿ ನಿಂತಿತ್ತು, ನಿಮ್ಮ ಬ್ಯಾಂಡು ಯಾವ ಕುದುರಿ ಬೆದರ್ಸ್ಯಾದ ಹೇಳು" ಅಂದ್ರು. ಅಳಿಯನ ಹತ್ರ ಇದಕ್ಕ ಉತ್ತರ ಇರ್ಲಿಲ್ಲ. ಲೈವ್ ಏಡ್ ಬಗ್ಗೆ ಹೇಳ್ದ, 1985ರ ಜುಲೈ 13ಕ್ಕ ಲಂಡನ್ ವೆಂಬ್ಲಿ ಮೈದಾನದಾಗ ಕ್ವೀನ್ ಇಪ್ಪತ್ತು ನಿಮಿಷ ಹಾಡಿದ್ದು ಇವತ್ತಿಗೂ ಮಂದಿ ನೆನಸ್ತಾರ ಅಂತ. ಮುತ್ಯಾ, "ಇಪ್ಪತ್ತೇ ನಿಮಿಷ? ಅಷ್ಟಕ್ಕ ಪೂರ್ತಿ ರೊಕ್ಕ ಕೊಟ್ಟಾರೇನು?" ಅಂದ್ರು. ಅದು ಬರಗಾಲದವ್ರಿಗೆ ರೊಕ್ಕ ಕೂಡ್ಸೂ ಕಾರ್ಯಕ್ರಮ, ಫುಕಟ್ ಹಾಡ್ಯಾರ ಅಂದ ಮ್ಯಾಲ, "ಹಂಗಾರ ಅಡ್ಡಿಯಿಲ್ಲ" ಅಂದ್ರು.

ಲಗ್ನದ ದಿನ ಬಂತು. ಆಳಂದದವರೇ ಗಟ್ಟಿ ಆಗಿದ್ರು. ಮೇ ತಿಂಗ್ಳು, ಸಂಜಿ ಆರಾದ್ರೂ ಡಾಂಬರಿನಿಂದ ಝಳ ಬಡೀತಿತ್ತು, ಆ ಮಂದಿ ಕೆಂಪು ದಪ್ಪ ಕೋಟ್, ಭುಜದ ಮ್ಯಾಲ ಬಂಗಾರ ಬಣ್ಣದ ಜಾಲರಿ, ತಲಿಗಿ ಟೊಪ್ಪಿಗಿ. ದೊಡ್ಡ ಡ್ರಮ್ ಹೊತ್ತಾಂವ ಬೆನ್ನಿನ ಕಡೀಂದ ನೋಡಿದ್ರ ಕೋಟ್ ಎರಡು ಬಣ್ಣ, ಬೆವರು ಹಿಡದಷ್ಟು ಕರೀ, ಉಳದಿದ್ದು ಕೆಂಪು. ಕ್ಲಾರ್ನೆಟ್ ಮಾಸ್ತರ್ ಊದೂ ಕಡೀಗಿ ದಾರ ಸುತ್ತಿದ್ದ, ಸಡ್ಲಾದಾಗೊಮ್ಮೆ ನಾಲಿಗಿಗಿ ಹಚ್ಚಿ ಬಿಗೀ ಮಾಡ್ತಿದ್ದ. ಮದುಮಗ ಕುದುರಿ ಹತ್ತಿದ ಮ್ಯಾಲ ಮಾಸ್ತರ್ ಬಂದು ಅಳಿಯನ್ನ ಕೇಳ್ದ, "ಸಾಹೇಬ್ರ, ಯಾವ ಹಾಡು ಹೊಡ್ಯಾನ್ರಿ?"

ಅಳಿಯನ ಕಣ್ಣಾಗ ಬೆಳಕು ಬಂತು. "ಪಿಂಕ್ ಫ್ಲಾಯ್ಡ್ ಬರ್ತದೇನ್ರಿ?"

"ಗೊತ್ತಿಲ್ರಿ. ಒಂದೀಟು ಗುನುಗಿ ತೋರಸ್ರಿ, ಕಿವಿಗಿ ಬಿತ್ತಂದ್ರ ಬಾರಸ್ತೀನಿ."

ಇಡೀ ಹದಿನೈದು ದಿನ ಆ ಬ್ಯಾಂಡಿನ ಸಲುವಾಗಿ ನಮ್ಮ ಮನ್ಯಾಗ ಯಾರಿಗೂ ನೆಟ್ಟಗ ಊಟ ಮಾಡ್ಲಾಕ ಬಿಡದ ಹುಡ್ಗ, ಊಂ ಅಂದ, ಮತ್ತ ಊಂ ಅಂದ, ಮೊಬೈಲ್ ತೆಗೆದ, ನೆಟ್‌ವರ್ಕ್ ಇಲ್ಲ, ಕಣ್ಣು ಮುಚ್ಚಿ ಇನ್ನೊಮ್ಮೆ ಊಂ ಅಂದ. ಮಾಸ್ತರ್ ಭಾಳ ಮರ್ಯಾದಿಯಿಂದ ಕಿವಿ ಕೊಟ್ಟು ಕೇಳಿ, "ಛಲೋ ಅದರಿ, ಆದ್ರ ನಿಧಾನ ಅದ, ಇದ್ರ ಮ್ಯಾಲ ನಡದ್ರ ಮಂಟಪ ಮುಟ್ಟೂದ್ರಾಗ ಮುಹೂರ್ತ ಮುಗೀತದ" ಅಂತ ಹೇಳಿ ತಿರುಗಿ ಡ್ರಮ್ಮಿನಾಂವಗ ಸನ್ನಿ ಮಾಡ್ದ. ಆಮ್ಯಾಲ ಶುರು ಆದದ್ದು ರಾಮಮಂದಿರ ಸರ್ಕಲ್ ದಾಟಿದ್ರೂ ನಿಂದ್ರಲಿಲ್ಲ, ಕಾಕಾ ಸುದ್ದಾ ಟಾವೆಲ್ ಬೀಸಿ ಕುಣದ್ರು, ಅಳಿಯಂತೂ ಅಂಗಿ ಗುಂಡಿ ಎರಡು ಕಳ್ಕೊಂಡ.

ರಾತ್ರಿ ಮಲಗೂ ಮುಂದ ಅಳಿಯ ಪಟ್ಟಿ ಬದಲ್ ಮಾಡ್ಲಾಕ ಕುಂತ. ಐದ್ನೇ ನಂಬರ್ ಇವತ್ತಿನ ಬ್ಯಾಂಡಿಗಿ ಕೊಡ್ತೀನಿ ಅಂದ. "ಮಾಮಾ, ಅವ್ರ ಬ್ಯಾಂಡ್ ಹೆಸರೇನ್ರಿ?" ನನಗೂ ಗೊತ್ತಿಲ್ಲ. ಡ್ರಮ್ಮಿನ ಮ್ಯಾಲ ಬರದಿತ್ತು, ಬಣ್ಣ ಹೋಗಿತ್ತು. ಕಿಸೆದಾಗಿನ ಚೀಟಿ ತೆಗದು ನೋಡಿದ್ರ "ಬ್ಯಾಂಡ್, 14 ಮಂದಿ, ಊಟ ನಮ್ದು" ಅಂತ ಅಷ್ಟೇ ಅದ. ಆಳಂದದವರು ಅಂತ ಬರೀಪಾ ಅಂದೆ. ಅಂವ ಹಂಗೇ ಟೈಪ್ ಮಾಡಿ ಗ್ರೂಪಿಗಿ ಹಾಕ್ದ.

ಎರಡು ನಿಮಿಷ ಆಗಿಲ್ಲ, ಬೆಂಗಳೂರಿಂದ ಅವ್ನ ಗೆಳ್ಯಾ ಒಬ್ಬ ಉತ್ತರ ಹಾಕ್ಯಾನ: "ಆಳಂದದವರು ಓಕೆ ಮಗಾ, ಆದ್ರೆ ಅವ್ರ ಹಳೇ ಕೆಲಸ ಇನ್ನೂ ಚೆನ್ನಾಗಿತ್ತು."