ಪುಷ್ಪಕ ವಿಮಾನ, ಫ್ರೀ ಡೆಲಿವರಿ

ಆನ್‌ಲೈನ್ ಮಾರುಕಟ್ಟೆಯಲ್ಲಿ ಆ ಹದಿನಾರು ಟೆರಾಬೈಟಿನ ಎಸ್‌ಎಸ್‌ಡಿ, ಅಂದರೆ ಫೈಲು ತುಂಬಿಡುವ ಡ್ರೈವ್, ಮತ್ತೆ ಬಂದಿದೆ. ಹಿಂದೆ ಕಪ್ಪಗಿತ್ತು, ಈಗ ನೀಲಿ. ಅಂಗೈಯಲ್ಲಿ ಮುಚ್ಚಿಡುವಷ್ಟು ಚಿಕ್ಕದು, ಬೆಲೆ ಹೆಸರಾಂತ ಕಂಪನಿಯ ಒಂದು ಟೆರಾಬೈಟಿಗಿಂತ ಕಡಿಮೆ, ಕಡಲಾಚೆಯಿಂದ ಮನೆಬಾಗಿಲಿಗೆ ಫ್ರೀ ಡೆಲಿವರಿ. ಮೆಮೊರಿ ಕಂಪನಿಗಳು ಸಾವಿರಾರು ಎಂಜಿನಿಯರುಗಳನ್ನು ಸಾಕಿಕೊಂಡೂ ಮಾಡಲಾಗದ್ದನ್ನು, ಹೆಸರಿನಲ್ಲಿ ಒಂದು ಸ್ವರಾಕ್ಷರವೂ ಇಲ್ಲದ ಅಂಗಡಿಯೊಂದು ಸದ್ದಿಲ್ಲದೆ ಮಾಡಿ ಮುಗಿಸಿದೆ.

ಸ್ಕ್ರೂ ಬಿಚ್ಚಿ ನೋಡಿದರೆ ಗೌರವ ಇನ್ನೂ ಹೆಚ್ಚುತ್ತದೆ. ಒಂದು ಪುಟ್ಟ ಬೋರ್ಡು, ಅದಕ್ಕೆ ಸಿಕ್ಕಿಸಿದ 64 ಜಿಬಿಯ (ಒಂದು ಟೆರಾಬೈಟ್ ಎಂದರೆ ಸಾವಿರ ಜಿಬಿ) ಮೈಕ್ರೋ ಎಸ್‌ಡಿ ಕಾರ್ಡು, ಅದು ಅಲ್ಲಾಡದಿರಲೆಂದು ಒಂದು ತೊಟ್ಟು ಅಂಟು, ಕೈಗೆ ಭಾರ ಸಿಗಲೆಂದು ಒಂದು ಲೋಹದ ತುಂಡು. ಫರ್ಮ್‌ವೇರ್, ಅಂದರೆ ಡಬ್ಬಿಯೊಳಗಿನ ತಂತ್ರಾಂಶ, ತಿದ್ದಿರುತ್ತಾರೆ. ಕಂಪ್ಯೂಟರ್ 'ನಿನ್ನ ಹೊಟ್ಟೆ ಎಷ್ಟಪ್ಪಾ?' ಎಂದು ಕೇಳಿದರೆ ಅದು ನಾಚಿಕೆಯಿಲ್ಲದೆ 'ಹದಿನಾರು ಟೆರಾಬೈಟ್' ಅನ್ನುತ್ತದೆ. ಪುಷ್ಪಕ ವಿಮಾನದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಇರುತ್ತಿತ್ತಂತೆ. ಇಲ್ಲೂ ಹಾಗೇ, ಹೊಸಬರು ಹತ್ತಿದಾಗ ಹಳಬರನ್ನು ಆಕಾಶದಿಂದಲೇ ಕೆಳಗೆ ತಳ್ಳುತ್ತಾರೆ, ಅಷ್ಟೇ. ಪ್ರಯಾಣಿಕರ ಪಟ್ಟಿ ಮಾತ್ರ ಭದ್ರ. ಫೋಲ್ಡರಿನಲ್ಲಿ ಮಗುವಿನ ನಾಮಕರಣದ ವಿಡಿಯೋ ಹೆಸರಿನ ಸಮೇತ, ಸೈಜಿನ ಸಮೇತ ಕಾಣುತ್ತದೆ. ತೆರೆಯಲು ಹೋದರೆ ತೆರೆಯುವುದಿಲ್ಲ.

ಅನುಮಾನ ಇದ್ದರೆ ಟೆಸ್ಟ್ ಮಾಡಿ ಎನ್ನುವವರಿದ್ದಾರೆ. ಮಾಡಬಹುದು. ಎಚ್2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ಒಳ್ಳೆಯ ಉಚಿತ ತಂತ್ರಾಂಶಗಳಿವೆ. ಡ್ರೈವ್ ತುಂಬುವವರೆಗೆ ಬರೆದು, ಬರೆದದ್ದನ್ನೆಲ್ಲ ಮತ್ತೆ ಓದಿ ನೋಡುತ್ತವೆ. ಈ ಡಬ್ಬಿ ಸೆಕೆಂಡಿಗೆ ಹತ್ತು ಮೆಗಾಬೈಟ್ ಬರೆದರೆ ಹದಿನಾರು ಟೆರಾಬೈಟ್ ತುಂಬಲು ಹದಿನೆಂಟೂವರೆ ದಿನ ಬೇಕು. ಓದುವ ಲೆಕ್ಕ ಬೇರೆ. ವಾಪಸ್ ಕೊಡುವ ಗಡುವು ಹದಿನೈದು ದಿನ ಇದ್ದರೆ, ಸುಳ್ಳು ಪೂರ್ತಿ ಸಾಬೀತಾಗುವ ಹೊತ್ತಿಗೆ ನೀವು ತೃಪ್ತ ಗ್ರಾಹಕರು.

ತೃಪ್ತರಿಗೇನೂ ಬರ ಇಲ್ಲ. ಸ್ಟಾರ್ 4.7. ಕೆಳಗಿಳಿದು ಓದಿದರೆ ಒಬ್ಬರು 'ಬಟ್ಟೆ ಮೆತ್ತಗಿದೆ, ಒಗೆದರೂ ಬಣ್ಣ ಹೋಗಲಿಲ್ಲ' ಎಂದಿರುತ್ತಾರೆ. ಹಿಂದೆ ಅದೇ ಪುಟದಲ್ಲಿ ದಿಂಬಿನ ಕವರ್ ಮಾರುತ್ತಿದ್ದರು, ಪಾಪ. ಉಳಿದವರು ಸುಳ್ಳುಗಾರರಲ್ಲ: ಪೆಟ್ಟಿಗೆ ಒಡೆದರು, ಸಿಕ್ಕಿಸಿದರು, ಪರದೆಯ ಮೇಲೆ ಹದಿನಾರು ಕಂಡರು, ಸಂತೋಷಪಟ್ಟರು, ಐದು ಸ್ಟಾರ್ ಒತ್ತಿದರು. ಅರವತ್ತೈದನೆಯ ಜಿಬಿಯವರೆಗೆ ಯಾರೂ ಕಾಯಲಿಲ್ಲ.

ಗ್ರಾಫಿಕ್ಸ್ ಕಾರ್ಡಿನವರು ಇನ್ನೂ ಸಂಪ್ರದಾಯಸ್ಥರು. 2010ರ ಕಾಲದ ಜಿಟಿಎಸ್ 450 ಚಿಪ್ಪಿನ ಬಯೋಸ್ (ಕಾರ್ಡಿನೊಳಗಿನ ತಂತ್ರಾಂಶ) ತಿದ್ದಿ, ಎಷ್ಟೋ ಹೊಸದಾದ ಜಿಟಿಎಕ್ಸ್ 1050 ಟಿಐ ಎಂದು ನಾಮಕರಣ ಮಾಡಿ ಕಳಿಸುತ್ತಿದ್ದರು. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಎಂಬ ತಂತ್ರಾಂಶ 2018ರಲ್ಲಿ ಇಂಥವನ್ನು ಪತ್ತೆ ಮಾಡಿ ಹೆಸರಿನ ಆರಂಭದಲ್ಲೇ 'ಫೇಕ್' ಎಂದು ಬರೆಯಲು ಶುರುಮಾಡಿತು. ಆದರೆ ಆ ತಂತ್ರಾಂಶ ಓಡಬೇಕಾದರೆ ಕಾರ್ಡು ಕೊಂಡಾಗಿರಬೇಕು, ದುಡ್ಡು ಹೋಗಿರಬೇಕು.

ಮಾತು ಎಲ್ಲಿಗೋ ಹೋಗುತ್ತದೆ, ಆದರೂ ಎಫ್‌ಟಿಡಿಐ ಕಥೆ ಹೇಳದಿದ್ದರೆ ಸಮಾಧಾನವಿಲ್ಲ. ಉಪಕರಣಗಳನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಸೇರಿಸುವ ಯುಎಸ್‌ಬಿ-ಸೀರಿಯಲ್ ಚಿಪ್ ಮಾಡುವ ಕಂಪನಿ. ನಕಲಿಗಳಿಂದ ಬೇಸತ್ತು 2014ರಲ್ಲಿ ಹೊಸ ಡ್ರೈವರ್, ಅಂದರೆ ಚಿಪ್ಪನ್ನು ನಡೆಸುವ ತಂತ್ರಾಂಶ, ಬಿಟ್ಟಿತು. ವಿಂಡೋಸ್ ಅಪ್‌ಡೇಟ್ ಅದನ್ನು ಮನೆಮನೆಗೆ ಹಂಚಿತು. ಡ್ರೈವರು ನಕಲಿ ಚಿಪ್ಪಿನ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿತು. ಕೇಬಲ್ ಅಲ್ಲೇ ನಿಶ್ಚಲ. ನಕಲಿ ಮಾಡಿದವನು ಊಟ ಮಾಡಿ ಮಲಗಿದ್ದ. ಕೊಂಡವನಿಗೆ ತನ್ನ ಬೋರ್ಡಿನೊಳಗೆ ಅಂಥದ್ದೊಂದು ಚಿಪ್ ಇದೆ ಎಂದೇ ಗೊತ್ತಿರಲಿಲ್ಲ. ಗಲಾಟೆಯಾದ ಮೇಲೆ ಆ ಡ್ರೈವರನ್ನು ಹಿಂತೆಗೆದುಕೊಂಡರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಮೇಲಿಂದ ಕೋಡಂಗಿಗೇ ದಂಡ.

ಪರಿಚಿತ ಅಂಗಡಿಯಲ್ಲೇ ಕೊಳ್ಳಿ ಎನ್ನುವ ಕೊನೆಯ ಉಪದೇಶವೂ 2025ರ ಆರಂಭದಲ್ಲಿ ಮುಗ್ಗರಿಸಿತು. ಹೊಸದೆಂದು ಮಾರಿದ ಸೀಗೇಟ್ ಹಾರ್ಡ್‌ಡಿಸ್ಕ್‌ಗಳಲ್ಲಿ ಕೆಲವು ಆಗಲೇ ಹದಿನೈದು ಸಾವಿರ ಗಂಟೆಗೂ ಮೀರಿ ದುಡಿದಿದ್ದವು. ಡಿಸ್ಕ್ ಎಷ್ಟು ದುಡಿದಿದೆ ಎಂದು ತೋರಿಸುವ ಸ್ಮಾರ್ಟ್ ಲೆಕ್ಕವನ್ನು ಅಳಿಸಿ ಸೊನ್ನೆ ಮಾಡಿದ್ದರು. ಫಾರ್ಮ್ ಎಂಬ ಒಳಗಿನ ದಾಖಲೆ ಅಳಿಸಲು ಮರೆತಿದ್ದರಿಂದ ಗುಟ್ಟು ರಟ್ಟಾಯಿತು. ಹಾಗಾದರೆ ಇನ್ನು ಮುಂದೆ ಡಿಸ್ಕ್ ಕೊಳ್ಳುವವರು ಕಮಾಂಡ್ ಲೈನಿನಲ್ಲಿ ಈ ದಾಖಲೆ ಓದುವ ಸ್ಮಾರ್ಟ್‌ಸಿಟಿಎಲ್ ಎಂಬ ತಂತ್ರಾಂಶ ಓಡಿಸಿ ಪಾಸಾಗಬೇಕು. ಕಾಮರ್ಸ್ ಓದಿದವರು, ಹಾಡು ಹೇಳುವವರು, ರಿಟೈರಾದವರು, ಎಲ್ಲರೂ.

ತಮಾಷೆ ಸಾಕು. ಆ ಬೆಲೆಗೆ ಅಂಥ ಎಸ್‌ಎಸ್‌ಡಿ ಈ ಭೂಮಿಯ ಮೇಲಿಲ್ಲ. ಅದು ಮಾರುಕಟ್ಟೆ ನಡೆಸುವವರಿಗೆ ಗೊತ್ತು. ಗೊತ್ತಿದ್ದೂ ಅದನ್ನು ಹುಡುಕಾಟದ ತುದಿಯಲ್ಲಿ ಕೂರಿಸುತ್ತಾರೆ, ಜಾಹೀರಾತಿನ ಹಣ ಎಣಿಸುತ್ತಾರೆ, ಪ್ರತಿ ಮಾರಾಟದಲ್ಲೂ ಕಮಿಷನ್ ಹಿಡಿಯುತ್ತಾರೆ. ಕೇಳಿದರೆ 'ನಾವು ವೇದಿಕೆ ಮಾತ್ರ'. ಇದು ವೇದಿಕೆಯಲ್ಲ, ಕಳ್ಳಮಾಲಿನಲ್ಲಿ ಪಾಲು.

ದೂರು ಕೊಡಿ, ನೋಡೋಣ. ಪೆಟ್ಟಿಗೆ ಒಡೆದ ವಿಡಿಯೋ ಎಲ್ಲಿ? ನಡುವೆ ಕಟ್ ಇರಬಾರದು. ಮಾಲನ್ನು ನಿಮ್ಮ ಖರ್ಚಿನಲ್ಲೇ, ಟ್ರ್ಯಾಕಿಂಗ್ ನಂಬರಿನೊಂದಿಗೆ, ಇನ್ನೊಂದು ಖಂಡಕ್ಕೆ ಕಳಿಸಿ. ಅಂಚೆಯ ಖರ್ಚು ಡಬ್ಬಿಯ ಬೆಲೆಯನ್ನು ದಾಟುತ್ತದೆ. ಅಷ್ಟರಲ್ಲಿ ಮಾರಾಟಗಾರನ ಸಂದೇಶ: 'ಪ್ರಿಯ ಮಿತ್ರ, ನಿಮ್ಮ ನೋವು ನಮ್ಮ ನೋವು. ದಯವಿಟ್ಟು ದೂರು ಹಿಂತೆಗೆದುಕೊಳ್ಳಿ. ಮೂವತ್ತು ಪರ್ಸೆಂಟ್ ಹಣ ವಾಪಸ್ ಕೊಡುತ್ತೇವೆ, ಡ್ರೈವ್ ನೀವೇ ಇಟ್ಟುಕೊಳ್ಳಿ. ಐದು ಸ್ಟಾರ್ ಒತ್ತಲು ಮರೆಯಬೇಡಿ.'